ಆಗಾಗ ನಡುಗುವ ಕ್ಲಚ್: ಆಲ್ದೂರು ಕಡೆಯ ಒಂದು ಹಳೆಯ ಜೀಪಿನ ಪ್ರಕರಣ

ಜನವರಿ ಮೊದಲ ವಾರ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದು, ರೊಬಸ್ಟಾಗೆ ಆಳು ಹೊಂದಿಸುವ ಗಡಿಬಿಡಿ. ಆಲ್ದೂರು ಕಡೆಯ ಗೌಡರೊಬ್ಬರು ಚಿಕ್ಕಮಗಳೂರಿನ ನನ್ನ ಗ್ಯಾರೇಜಿಗೆ ತಮ್ಮ ತೋಟದ ಜೀಪು ತಂದು ನಿಲ್ಲಿಸಿದರು. 2003ರ ಡೀಸೆಲ್ ಗಾಡಿ. ಐದು ಗೇರು, ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್, ಹಿಂಭಾಗದಲ್ಲಿ ಮೂಟೆ ಹಾಕುವ ತೊಟ್ಟಿ. ಇಪ್ಪತ್ತು ವರ್ಷ ದಾಟಿದ್ದರೂ ಚಾಸಿ ಗಟ್ಟಿಯಾಗಿತ್ತು. ಒಂದೇ ಸಲ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು.

"ಕ್ಲಚ್ ನಡುಗ್ತದೆ. ಆದ್ರೆ ಯಾವಾಗ್ಲೂ ಅಲ್ಲ" ಅಂದರು ಗೌಡರು. ಪಕ್ಕದಲ್ಲಿದ್ದ ಡ್ರೈವರ್ ಬಿಡಿಸಿ ಹೇಳಿದ: "ಬೆಳಿಗ್ಗೆ ಶೆಡ್ಡಿಂದ ರಿವರ್ಸ್ ತೆಗೀವಾಗ ಇಡೀ ಗಾಡಿ ಗಡಗಡ ಅಂತದೆ ಅಣ್ಣಾ. ಸ್ಟೀರಿಂಗೂ ಕುಣೀತದೆ. ಏಳೆಂಟು ಸಲ ಕ್ಲಚ್ ಬಿಟ್ಟು ಹಿಡಿದು ಮಾಡೋ ಹೊತ್ತಿಗೆ ತಾನೇ ಸರಿಹೋಗ್ತದೆ. ಕೆಲವು ದಿನ ಇರೋದೇ ಇಲ್ಲ."

ನಾನೇ ಕೂತು ಒಂದು ಸುತ್ತು ಓಡಿಸಿದೆ. ಮೊದಲ ಗೇರು, ರಿವರ್ಸು, ಏರಿನಲ್ಲಿ ನಿಲ್ಲಿಸಿ ಹಾಫ್ ಕ್ಲಚ್. ಏನೂ ಇಲ್ಲ. ಬೆಣ್ಣೆಯ ಹಾಗೆ ಹಿಡಿಯುತ್ತಿತ್ತು.

ಈ ಜೀಪಿಗೆ ಮೊದಲೇ ಎರಡು ಸಲ ರಿಪೇರಿ ಆಗಿತ್ತು. ಹಿಂದಿನ ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ ನಡುಕ ಶುರುವಾಯಿತಂತೆ. ಜುಲೈನಲ್ಲಿ ಬೇರೆ ಒಂದು ಗ್ಯಾರೇಜಿನಲ್ಲಿ ಇಂಜಿನ್ ಮೌಂಟಿಂಗ್ ರಬ್ಬರ್ ಹೊಸದು ಹಾಕಿದರು. ನಿಲ್ಲಲಿಲ್ಲ. ಆಗಸ್ಟ್‌ನಲ್ಲಿ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರೂ ಬದಲಾಯಿಸಿದರು. ಸ್ವಲ್ಪ ದಿನ ಸರಿಯಿತ್ತು. ಸೆಪ್ಟೆಂಬರ್‌ನಲ್ಲಿ ಮತ್ತೆ ಅಲ್ಲೊಂದು ಇಲ್ಲೊಂದು ದಿನ ನಡುಗಿತು. ಅಕ್ಟೋಬರ್, ನವೆಂಬರ್ ಪೂರ್ತಿ ಶಾಂತ. "ಮಳೆಗಾಲದ ತೊಂದರೆ ಇರ್ಬೇಕು, ಹೋಯ್ತು" ಅಂತ ಎಲ್ಲರೂ ಬಿಟ್ಟರು. ಡಿಸೆಂಬರ್‌ನಲ್ಲಿ, ಒಂದು ಹನಿ ಮಳೆ ಇಲ್ಲದ ದಿನಗಳಲ್ಲಿ, ಅದು ವಾಪಸ್ ಬಂತು.

ಈ ಕೊನೆಯ ಮಾತನ್ನು ನಾನು ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಮಳೆ ಕಾರಣವಾಗಿದ್ದರೆ ಡಿಸೆಂಬರ್‌ನಲ್ಲಿ ಯಾಕೆ ಬರಬೇಕು? ಮಳೆಗಾಲಕ್ಕೂ ಕೊಯ್ಲಿನ ಕಾಲಕ್ಕೂ ಆ ತೋಟದಲ್ಲಿ ಏನೋ ಒಂದು ಸಾಮಾನ್ಯವಾಗಿರಬೇಕು, ಅಕ್ಟೋಬರ್-ನವೆಂಬರ್‌ನಲ್ಲಿ ಅದು ಇರಬಾರದು. ಅದೇನು ಅಂತ ಆಗ ಹೊಳೆಯಲಿಲ್ಲ.

ನಡುಕ ಅಂದರೆ ಏನು

ಮುಂದಿನದು ಅರ್ಥವಾಗಬೇಕಾದರೆ ಇದೊಂದು ಗೊತ್ತಿರಬೇಕು. ಗಾಡಿ ನಿಂತಿದೆ, ಇಂಜಿನ್ ತಿರುಗುತ್ತಿದೆ. ನೀವು ಪೆಡಲ್ ನಿಧಾನಕ್ಕೆ ಬಿಡುತ್ತೀರಿ. ಫ್ಲೈವೀಲಿಗೂ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರ) ಅದರ ಕಡೆಗೆ ಒತ್ತುವ ಪ್ರೆಶರ್ ಪ್ಲೇಟಿಗೂ ನಡುವೆ ಸಿಕ್ಕ ಕ್ಲಚ್ ಪ್ಲೇಟು ಮೊದಲು ಜಾರುತ್ತದೆ, ಆಮೇಲೆ ಹಿಡಿಯುತ್ತದೆ. ಆ ಜಾರುವ ಒಂದೆರಡು ಸೆಕೆಂಡ್ ಹಿಡಿತ ಒಂದೇ ಸಮ ಏರುತ್ತಾ ಹೋಗಬೇಕು. ಹಾಗಾಗದೆ ಹಿಡಿ-ಬಿಡು-ಹಿಡಿ-ಬಿಡು ಅಂತಾದರೆ ಅದೇ ನಡುಕ.

ಶಾಲೆಯಲ್ಲಿ ಕರಿಹಲಗೆ ಮೇಲೆ ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ದೂಡಿದರೆ ಟಕಟಕ ಅಂತ ಕುಣಿದು ಗೆರೆಯ ಬದಲು ಚುಕ್ಕಿ ಚುಕ್ಕಿ ಬೀಳುತ್ತಿತ್ತು ಅಲ್ವಾ? ಅದೇ ಸಂಗತಿ. ಸುಣ್ಣವೂ ಚೆನ್ನಾಗಿದೆ, ಹಲಗೆಯೂ ಚೆನ್ನಾಗಿದೆ, ಎರಡೂ ತಾಗುವ ಜಾಗದ ಹಿಡಿತ ಮಾತ್ರ ಸರಿಯಿಲ್ಲ.

ಹಿಡಿತ ಕೆಡಲು ಕಾರಣ ಹಲವು. ಪ್ಲೇಟಿನ ಮೇಲೆ ಎಣ್ಣೆ. ಫ್ಲೈವೀಲ್ ಮೇಲೆ ಸುಟ್ಟ ನೀಲಿ ಕಲೆ. ಪ್ರೆಶರ್ ಪ್ಲೇಟಿನ ಬೆರಳುಗಳ ಎತ್ತರದಲ್ಲಿ ವ್ಯತ್ಯಾಸ. ಬಾಗಿದ ಪ್ಲೇಟು. ರಾತ್ರಿ ತೇವಕ್ಕೆ ಫ್ಲೈವೀಲ್ ಮೇಲೆ ಹಿಡಿದ ತೆಳು ತುಕ್ಕು. ಕ್ಲಚ್ ಸರಿಯಿದ್ದೂ ಸುತ್ತಮುತ್ತಲಿನದು ಸಡಿಲವಾಗಿದ್ದರೂ ನಡುಗುತ್ತದೆ: ಹರಿದ ಮೌಂಟಿಂಗ್, ಸವೆದ ಪ್ರೊಪೆಲರ್ ಶಾಫ್ಟ್ ಕ್ರಾಸು, ಲೀಫ್ ಸ್ಪ್ರಿಂಗಿನ ಸಡಿಲ ಯು-ಬೋಲ್ಟ್. ಇನ್ನೊಂದು ಮಾತು. ಎಣ್ಣೆ ಜಾಸ್ತಿ ಬಿದ್ದರೆ ಕ್ಲಚ್ ಜಾರುತ್ತದೆ, ಇಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಎರಡು ಮೂರು ಹನಿ ಬಿದ್ದರೆ ಜಾರುವುದಿಲ್ಲ, ನಡುಗುತ್ತದೆ. ಇದನ್ನು ಎಷ್ಟೋ ಮೆಕ್ಯಾನಿಕ್‌ಗಳೇ ಮರೆಯುತ್ತಾರೆ. ಜಾರುತ್ತಿಲ್ಲವಲ್ಲ, ಹಾಗಾದರೆ ಎಣ್ಣೆ ಇಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಮೊದಲ ದಿನ ನೋಡಿದ್ದು

ಬಿಚ್ಚದೆ ನೋಡಬಹುದಾದದ್ದೆಲ್ಲ ಅವತ್ತೇ ನೋಡಿದೆ. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬಾನೆಟ್ ತೆಗೆದು, ಹುಡುಗನಿಗೆ ಕ್ಲಚ್ ಸ್ವಲ್ಪ ಸ್ವಲ್ಪ ಬಿಡಲು ಹೇಳಿ ಇಂಜಿನ್ ಎಷ್ಟು ಏಳುತ್ತದೆ ಅಂತ ಪಕ್ಕದಿಂದ ನೋಡಿದೆ. ಮುಂದಕ್ಕೂ ರಿವರ್ಸಿಗೂ ಒಂದೇ ಅಳತೆ. ಮೌಂಟಿಂಗ್ ಗಟ್ಟಿ. ಕ್ರಾಸುಗಳಲ್ಲಿ ಆಟ ಇಲ್ಲ. ಯು-ಬೋಲ್ಟ್ ನಾಲ್ಕೂ ಬಿಗಿ. ಐಡ್ಲಿಂಗ್ ಒಂದೇ ಸಮ, ಯಾವ ಸಿಲಿಂಡರೂ ತಪ್ಪುತ್ತಿಲ್ಲ. ಪೆಡಲ್ ಫ್ರೀ ಪ್ಲೇ ಸರಿ. ಗೇರ್‌ಬಾಕ್ಸ್ ಹೊರಗಿನಿಂದ ಒಣಗಿತ್ತು, ಬರೀ ಕೆಮ್ಮಣ್ಣು.

ಗೌಡರು "ಇನ್ನೊಂದ್ಸಲ ಗೇರ್‌ಬಾಕ್ಸ್ ಇಳಿಸ್ಬಿಡಿ, ನೋಡೇ ಬಿಡೋಣ" ಅಂದರು. ನಾನು ಬೇಡ ಅಂದೆ. ಯಾಕೆ ಅಂದರೆ, ತೊಂದರೆ ಇಲ್ಲದ ದಿನ ಬಿಚ್ಚಿದರೆ ಕಾರಣ ಕಾಣುವ ಭರವಸೆ ಇಲ್ಲ. ಆಗಸ್ಟ್‌ನಲ್ಲಿ ಆಗಿದ್ದೂ ಅದೇ ಇರಬೇಕು. ಆ ಗ್ಯಾರೇಜಿನವರನ್ನು ನಾನು ದೂರುವುದಿಲ್ಲ. ನಡುಗುವ ಕ್ಲಚ್ ಬಂದರೆ ಸೆಟ್ ಬದಲಾಯಿಸುವುದು ನಮ್ಮ ಕೆಲಸದಲ್ಲಿ ವಾಡಿಕೆ, ನೂರಕ್ಕೆ ಬಹಳಷ್ಟು ಸಲ ಅದರಿಂದ ಸರಿಯೂ ಹೋಗುತ್ತದೆ. ಆದರೆ ಬಂದು ಹೋಗುವ ತೊಂದರೆಗೆ ಸ್ಪ್ಯಾನರ್‌ಗಿಂತ ಮೊದಲು ಪೆನ್ನು ಬೇಕು. ಈ ಮಾತನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ.

ತೋಟದಲ್ಲಿ ರೈಟರ್ ಇದ್ದರು. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ ಬರೆಯುವವರು. ಅವರಿಗೆ ಒಂದು ನೋಟ್‌ಬುಕ್ ಕೊಟ್ಟು ಹದಿನಾಲ್ಕು ದಿನ ನಾಲ್ಕೇ ವಿಷಯ ಬರೆಯಲು ಕೇಳಿಕೊಂಡೆ. ರಾತ್ರಿ ಗಾಡಿ ಎಲ್ಲಿ ನಿಂತಿತ್ತು. ಹಿಂದಿನ ದಿನ ಎಷ್ಟು ಓಡಿತ್ತು. ಬೆಳಿಗ್ಗೆ ಮಂಜು ಇತ್ತೋ ಇಲ್ಲವೋ. ನಡುಗಿತೋ ಇಲ್ಲವೋ, ನಡುಗಿದ್ದರೆ ಎಷ್ಟು ಸಲ ಕ್ಲಚ್ ಬಿಟ್ಟ ಮೇಲೆ ನಿಂತಿತು.

ಸಂಕ್ರಾಂತಿ ಕಳೆದು ನಾಲ್ಕನೇ ದಿನ ನೋಟ್‌ಬುಕ್ ಬಂತು. ಹಾಜರಿ ಪುಸ್ತಕದ ಹಾಗೇ ಚೆಂದದ ಗೆರೆ ಹಾಕಿ ಬರೆದಿದ್ದರು. ಹದಿನಾಲ್ಕು ರಾತ್ರಿಯಲ್ಲಿ ಒಂಬತ್ತು ರಾತ್ರಿ ಗಾಡಿ ಶೆಡ್ಡಿನಲ್ಲಿ. ಐದು ರಾತ್ರಿ ಬೇರೆ ಕಡೆ: ಮನೆ ಮುಂದಿನ ಅಂಗಳದಲ್ಲಿ, ಒಮ್ಮೆ ಚಿಕ್ಕಮಗಳೂರಿನ ನೆಂಟರ ಮನೆಯಲ್ಲಿ. ಆ ಐದು ಬೆಳಿಗ್ಗೆ ಒಮ್ಮೆಯೂ ನಡುಗಿಲ್ಲ. ಶೆಡ್ಡಿನ ಒಂಬತ್ತರಲ್ಲಿ ಏಳು ಬೆಳಿಗ್ಗೆ ನಡುಗಿದೆ.

ಉಳಿದ ಎರಡು? ಒಂದು ಸೋಮವಾರ, ಇನ್ನೊಂದು ಸಂಕ್ರಾಂತಿಯ ಮಾರನೇ ದಿನ. ಎರಡೂ ಸಲ ಹಿಂದಿನ ದಿನ ಗಾಡಿ ಬೆಳಿಗ್ಗೆ ಹತ್ತಿರದ ಅಂಗಡಿಗೆ ಒಂದು ಸುತ್ತು ಹೋಗಿ ಬಂದು ಶೆಡ್ಡು ಸೇರಿತ್ತು, ಅಷ್ಟೇ. ಇಂಜಿನ್ ಗೇರ್‌ಬಾಕ್ಸ್ ಬಿಸಿಯಾಗುವಷ್ಟು ಓಡಿರಲಿಲ್ಲ.

ಮಂಜಿನ ಕಾಲಂ ನೋಡಿದೆ. ಮಂಜು ಇದ್ದ ದಿನವೂ ನಡುಗಿದೆ, ಇಲ್ಲದ ದಿನವೂ ನಡುಗಿದೆ. ಅಂಗಳದಲ್ಲಿ ಇಬ್ಬನಿಗೆ ನೆಂದು ನಿಂತ ದಿನ ನಡುಗಿಲ್ಲ. ಅಷ್ಟು ಹೊತ್ತು ತುಕ್ಕಿನ ಮೇಲೇ ನನಗೆ ಅನುಮಾನ ಜಾಸ್ತಿ ಇತ್ತು. ಮಲೆನಾಡಿನಲ್ಲಿ ನಾಲ್ಕು ದಿನ ನಿಲ್ಲಿಸಿದ ಗಾಡಿಯ ಫ್ಲೈವೀಲ್ ಕೆಂಪಗಾಗುವುದು ಸಾಮಾನ್ಯ. ಮೊದಲ ಐದಾರು ಸಲ ಒರಟಾಗಿ ಹಿಡಿದು, ತುಕ್ಕು ಉಜ್ಜಿ ಹೋದ ಮೇಲೆ ಸರಿಯಾಗುತ್ತದೆ. ಆದರೂ ಪೂರ್ತಿ ಬಿಡುವ ಹಾಗಿರಲಿಲ್ಲ. ಶೆಡ್ಡು ತಗ್ಗಿನಲ್ಲಿದೆ, ಒಳಗೆ ಥಂಡಿ ಜಾಸ್ತಿ ಇರಬಹುದು.

ಶೆಡ್ಡಿನ ನೆಲ

ಮರುದಿನ ತೋಟಕ್ಕೇ ಹೋದೆ. ಹೋದ ಕೂಡಲೇ ಮೊದಲ ಗಂಟು ಬಿಚ್ಚಿತು. ಮನೆ ಪಕ್ಕದ ಕಣದ ತುಂಬಾ ಕಾಫಿ ಹರಡಿತ್ತು. ಗಾಡಿಗೆ ಜಾಗವೇ ಇಲ್ಲ. "ಕಣ ಖಾಲಿ ಇದ್ದಾಗ ಎಲ್ಲಿ ನಿಲ್ಲಿಸ್ತೀರಿ?" ಕೇಳಿದೆ. "ಕಣದಲ್ಲೇ. ಮಳೆಗಾಲದಲ್ಲಿ ಮಾತ್ರ ಶೆಡ್ಡು. ಈಗ ಕಾಫಿ ಒಣಗೋವರೆಗೂ ಶೆಡ್ಡೇ" ಅಂದ ಡ್ರೈವರ್.

ಮಳೆಗಾಲಕ್ಕೂ ಕೊಯ್ಲಿಗೂ ಇದ್ದ ನಂಟು ಇದು. ಎರಡೂ ಕಾಲದಲ್ಲಿ ಗಾಡಿ ಮಲಗುವುದು ಶೆಡ್ಡಿನಲ್ಲಿ. ಅಕ್ಟೋಬರ್-ನವೆಂಬರ್‌ನಲ್ಲಿ ಇಲ್ಲಿ ಮಳೆ ಹಿಂದಾಗಿತ್ತು, ಕಣಕ್ಕೆ ಇನ್ನೂ ಕಾಫಿ ಬಂದಿರಲಿಲ್ಲ.

ಶೆಡ್ಡಿನ ನೆಲ ಬಾಗಿಲಿನಿಂದ ಒಳಕ್ಕೆ ಇಳಿಜಾರು. ನೀರಿನ ಪೈಪು ಹಿಡಿದು ಅಳೆದೆವು. ಮುಂದಿನ ಚಕ್ರ ನಿಲ್ಲುವ ಜಾಗ ಹಿಂದಿನ ಚಕ್ರಕ್ಕಿಂತ 22 ಸೆಂಟಿಮೀಟರ್ ಕೆಳಗಿತ್ತು. ದಿನಾ ಸಂಜೆ ಮೂತಿ ಮುಂದೆ ಮಾಡಿ ಒಳಗೆ ಇಳಿಸುವುದು, ಬೆಳಿಗ್ಗೆ ರಿವರ್ಸ್‌ನಲ್ಲಿ ಏರು ಹತ್ತಿಸುವುದು.

ನನ್ನ ತಲೆಯಲ್ಲಿ ಆಗ ಗೇರ್‌ಬಾಕ್ಸ್ ಎಣ್ಣೆ ಓಡಾಡತೊಡಗಿತು. ಇಂಥ ಗಾಡಿಗಳಲ್ಲಿ ಇಂಜಿನ್ನೂ ಗೇರ್‌ಬಾಕ್ಸೂ ಉದ್ದಕ್ಕೆ ಕೂತಿರುತ್ತವೆ, ಹಿಂಬದಿ ಸ್ವಲ್ಪ ತಗ್ಗಾಗಿ. ಸಮನೆಲದಲ್ಲಿ ಎಣ್ಣೆ ಹಿಂದಕ್ಕೆ ಸರಿದಿರುತ್ತದೆ. ಗೇರ್‌ಬಾಕ್ಸಿನ ಮುಂದಿನ ತುದಿಯಲ್ಲಿ ಇನ್‌ಪುಟ್ ಶಾಫ್ಟ್ ಹೊರಗೆ ಬಂದು ಕ್ಲಚ್ ಪ್ಲೇಟಿನೊಳಗೆ ಹೋಗುತ್ತದೆ. ಅಲ್ಲಿ ಎಣ್ಣೆ ಹೊರಗೆ ಬಾರದಂತೆ ತಡೆಯುವ ಒಂದು ರಬ್ಬರ್ ಬಳೆ, ಆಯಿಲ್ ಸೀಲ್, ಇದೆ. ಸಮನೆಲದಲ್ಲಿ ಎಣ್ಣೆಯ ಮಟ್ಟ ಆ ಸೀಲಿಗಿಂತ ಕೆಳಗೇ ನಿಲ್ಲುತ್ತದೆ. ಮೂತಿ ಕೆಳಗಾದರೆ? ಅರ್ಧ ಮೀಟರ್ ಉದ್ದದ ಗೇರ್‌ಬಾಕ್ಸಿನ ಮುಂದಿನ ತುದಿ ಆ ಇಳಿಜಾರಿನಲ್ಲಿ ನಾಲ್ಕು ಸೆಂಟಿಮೀಟರಿನಷ್ಟು ತಗ್ಗುತ್ತದೆ. ಎಣ್ಣೆ ಮುಂದಕ್ಕೆ ಬಂದು ಸೀಲಿಗೆ ಒರಗಿ ರಾತ್ರಿಯಿಡೀ ನಿಲ್ಲುತ್ತದೆ. ಸೀಲು ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಸವೆದಿದ್ದರೆ ಹನಿ ಹನಿ ಶಾಫ್ಟ್ ಗುಂಟ ಇಳಿದು ನೇರ ಕ್ಲಚ್ ಪ್ಲೇಟಿಗೆ.

ಇದು ಊಹೆ. ತೇವದ ಊಹೆಯೂ ಇನ್ನೂ ಜೀವಂತ. ಎರಡನ್ನೂ ಬೇರೆ ಮಾಡಬೇಕಿತ್ತು. ಶೆಡ್ಡು ಅದೇ ಇರಬೇಕು, ಥಂಡಿ ಅದೇ ಇರಬೇಕು, ಬದಲಾಗುವುದು ಮೂತಿಯ ದಿಕ್ಕು ಮಾತ್ರ. ಹಾಗಾಗಿ ನಾಲ್ಕು ರಾತ್ರಿ ರಿವರ್ಸ್‌ನಲ್ಲಿ ಒಳಗೆ ಹಾಕಿ, ಮೂತಿ ಮೇಲೆ ಮಾಡಿ ನಿಲ್ಲಿಸಲು ಹೇಳಿದೆ. ಆಮೇಲೆ ನಾಲ್ಕು ರಾತ್ರಿ ಮಾಮೂಲಿಯಂತೆ ಮೂತಿ ಕೆಳಗೆ. ಎಂಟು ದಿನವೂ ಸಂಜೆ ಚಿಕ್ಕಮಗಳೂರಿನಿಂದ ಓಡಿ ಬಂದು ಬಿಸಿಯಾಗಿಯೇ ನಿಲ್ಲಬೇಕು.

ಒಂದು ತೊಡಕು ಇತ್ತು. ಮೂತಿ ಮೇಲಿದ್ದರೆ ಬೆಳಿಗ್ಗೆ ಮೊದಲ ಗೇರಿನಲ್ಲಿ ಮುಂದಕ್ಕೆ ಹೊರಡುತ್ತದೆ. ಮೂತಿ ಕೆಳಗಿದ್ದರೆ ರಿವರ್ಸ್‌ನಲ್ಲಿ. ನಡುಗದಿದ್ದರೆ ಅದು ಎಣ್ಣೆ ಇಲ್ಲದ್ದಕ್ಕೋ, ರಿವರ್ಸ್ ಹಾಕದೇ ಇದ್ದದ್ದಕ್ಕೋ? ಆದ್ದರಿಂದ ಡ್ರೈವರ್‌ಗೆ ಇನ್ನೊಂದು ಕೆಲಸ ಕೊಟ್ಟೆ. ಮೂತಿ ಮೇಲೆ ಮಾಡಿದ ಬೆಳಿಗ್ಗೆ ಹೊರಗೆ ಬಂದು, ತಿರುಗಿಸಿ, ಮತ್ತೆ ಮೂತಿ ಮುಂದೆ ಮಾಡಿ ಒಳಗೆ ಇಳಿಸಿ, ನಿಲ್ಲಿಸದೆ ಕೂಡಲೇ ರಿವರ್ಸ್ ಹತ್ತಿಸಬೇಕು. ಅವನು ಒಂದು ದಿನವೂ ತಪ್ಪಿಸಲಿಲ್ಲ. ಕೊಯ್ಲಿನ ಬೆಳಿಗ್ಗೆ ಲೈನ್ ಮನೆಯಿಂದ ಆಳು ಕರೆತರುವ ಅವಸರದಲ್ಲಿ ಇದನ್ನು ಮಾಡುವುದು ಸುಲಭ ಅಲ್ಲ.

ಮೂತಿ ಮೇಲಿದ್ದ ನಾಲ್ಕು ದಿನ: ಮುಂದಕ್ಕೂ ನಡುಗಲಿಲ್ಲ, ರಿವರ್ಸ್ ಏರಿನಲ್ಲೂ ನಡುಗಲಿಲ್ಲ. ಮೂತಿ ಕೆಳಗಿದ್ದ ನಾಲ್ಕು ದಿನ: ನಾಲ್ಕೂ ಬೆಳಿಗ್ಗೆ ನಡುಕ. ಥಂಡಿ, ರಿವರ್ಸು, ಏರು ಮೂರೂ ಪಟ್ಟಿಯಿಂದ ಹೋದವು.

ಬಿಳಿ ಹಾಳೆ

ಕೊನೆಯ ಎರಡು ಬೆಳಿಗ್ಗೆ ನಾನೂ ಅಲ್ಲಿದ್ದೆ. ಆರೂವರೆ ಗಂಟೆ, ಶೆಡ್ಡಿನೊಳಗೆ ಇನ್ನೂ ಕತ್ತಲು. ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಚಿಪ್ಪು, ಅಂದರೆ ಬೆಲ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗೆ ಎಣ್ಣೆ ಬಿದ್ದರೆ ಹೊರಗೆ ಹೋಗಲಿ ಅಂತ ಬಿಟ್ಟಿರುವುದು. ಈ ಗಾಡಿಯಲ್ಲಿ ಅದು ಕೆಮ್ಮಣ್ಣು ಮೆತ್ತಿ ಮುಚ್ಚಿಹೋಗಿತ್ತು. ಮೊದಲ ಸಂಜೆಯೇ ತಂತಿ ಹಾಕಿ ಬಿಡಿಸಿ, ಒರೆಸಿ, ಬಿಳಿ ಹಾಳೆಯ ತುಂಡೊಂದನ್ನು ಮಡಿಸಿ ಅದರ ಬಾಯಿಗೆ ಅಂಟಿಸಿದ್ದೆ.

ಬೆಳಿಗ್ಗೆ ಟಾರ್ಚ್ ಹಿಡಿದು ಕೆಳಗೆ ನುಸುಳಿ ಹಾಳೆ ತೆಗೆದೆ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಕಲೆ. ಹೊರಗೆ ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಮೂಸಿದರೆ ಗಂಧಕದ ಘಾಟು.

ಇಷ್ಟು ಸಾಕಾಗಿತ್ತು. ಡೀಸೆಲ್ ಇಂಜಿನ್ನಿನ ಎಣ್ಣೆ ಹಾಕಿದ ಕೆಲವೇ ದಿನಕ್ಕೆ ಮಸಿಯ ಹಾಗೆ ಕಪ್ಪಾಗುತ್ತದೆ. ಇಂಜಿನ್ನಿನ ಹಿಂಬದಿಯ ಕ್ರ್ಯಾಂಕ್ ಸೀಲ್ ಸೋರಿದ್ದರೆ ಹಾಳೆ ಕರಿಯಾಗಿರುತ್ತಿತ್ತು. ಗೇರ್ ಆಯಿಲ್‌ಗೆ ಒತ್ತಡ ತಡೆಯಲು ಗಂಧಕ ಸೇರಿದ ರಾಸಾಯನಿಕ ಬೆರೆಸಿರುತ್ತಾರೆ, ಅದರ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಡ್ರೈವರ್‌ಗೂ ಮೂಸಲು ಕೊಟ್ಟೆ. "ಇದು ಗೇರ್‌ಬಾಕ್ಸ್‌ದೇ ಅಣ್ಣಾ" ಅಂದ. ಒಂದೇ ಒಂದು ನಟ್ಟು ಬಿಚ್ಚದೆ ಯಾವ ಸೀಲು ಅಂತ ಗೊತ್ತಾಯಿತು.

ಒಂದು ಪ್ರಶ್ನೆ ಉಳಿದಿತ್ತು. ಗಾಡಿ ಬಿಸಿಯಾಗದ ದಿನ ಮೂತಿ ಕೆಳಗಿದ್ದರೂ ಯಾಕೆ ಸೋರಲಿಲ್ಲ? ಬಿಸಿಗೆ ಎಣ್ಣೆ ತೆಳುವಾಗುತ್ತದೆ, ಅದು ಒಂದು ಕಾರಣ. ಆದರೆ ಸೋರುವುದಕ್ಕೂ ಸೋರದಿರುವುದಕ್ಕೂ ಇಷ್ಟು ಸ್ಪಷ್ಟ ವ್ಯತ್ಯಾಸ ಅದೊಂದರಿಂದ ಬರಬಹುದು ಅಂತ ನನಗೆ ಅನಿಸಲಿಲ್ಲ. ಒಳಗೆ ಯಾವುದೋ ಒತ್ತಡ ಇದೆ ಅನಿಸಿತು.

ಅವತ್ತೇ ಗಾಡಿಯನ್ನು ಚಿಕ್ಕಮಗಳೂರಿಗೆ ಓಡಿಸಿಕೊಂಡು ಬಂದೆ. ಗ್ಯಾರೇಜಿನ ಸಮನೆಲದಲ್ಲಿ ನಿಲ್ಲಿಸಿ, ಬಿಸಿ ಇರುವಾಗಲೇ ಗೇರ್‌ಬಾಕ್ಸಿನ ಪಕ್ಕದ ಲೆವೆಲ್ ಪ್ಲಗ್ಗನ್ನು ಅರ್ಧ ಸುತ್ತು ಸಡಿಲ ಮಾಡಿದೆ. ಮುಖ ದೂರ ಇಟ್ಟುಕೊಂಡೇ ಮಾಡಬೇಕು, ಬಿಸಿ ಎಣ್ಣೆ ಚಿಮ್ಮಬಹುದು. "ಉಸ್ಸ್" ಅಂತ ಗಾಳಿ ಹೊರಗೆ ಬಂತು. ಒಳ್ಳೆಯ ಗೇರ್‌ಬಾಕ್ಸಿನಲ್ಲಿ ಹಾಗೆ ಬರಬಾರದು. ಬಿಸಿಗೆ ಹಿಗ್ಗಿದ ಗಾಳಿ ಹೊರಗೆ ಹೋಗಲೆಂದೇ ಮೇಲುಗಡೆ ಒಂದು ಬ್ರೀದರ್ ಇರುತ್ತದೆ.

ಒಳಗಿನ ಮ್ಯಾಟ್ ಎತ್ತಿ, ಗೇರ್ ಲಿವರಿನ ಸುತ್ತಲ ತಗಡು ಬಿಚ್ಚಿ ನೋಡಿದರೆ ಬ್ರೀದರ್ ಕಾಣಿಸುತ್ತಲೇ ಇರಲಿಲ್ಲ. ತೋಟದ ಕೆಮ್ಮಣ್ಣು, ಎಣ್ಣೆಯ ಜಿಡ್ಡು, ಒಣಗಿದ ಕಾಫಿ ಸಿಪ್ಪೆ ಎಲ್ಲ ಸೇರಿ ಅಚ್ಚುಬೆಲ್ಲದ ಹಾಗೆ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್ ತುದಿಯಲ್ಲಿ ಕುಟ್ಟಿ ತೆಗೆಯಬೇಕಾಯಿತು.

ಈಗ ಕತೆ ಪೂರ್ತಿಯಾಯಿತು. ಗಾಡಿ ಹೊರೆ ಹೊತ್ತು ಏರು ಹತ್ತಿ ಬರುತ್ತದೆ. ಗೇರ್‌ಬಾಕ್ಸ್ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಹೊರಗೆ ದಾರಿ ಇಲ್ಲ. ಹಾಗೇ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಸೀಲಿಗೆ ಒರಗುತ್ತದೆ, ಹಿಂದಿನಿಂದ ಗಾಳಿ ದೂಡುತ್ತದೆ, ಸವೆದ ಸೀಲು ಬಿಟ್ಟುಕೊಡುತ್ತದೆ. ಗೇರ್‌ಬಾಕ್ಸ್ ತಣ್ಣಗಾದ ಮೇಲೆ ಒತ್ತಡ ಇಳಿದು ಸೋರಿಕೆ ನಿಲ್ಲುತ್ತದೆ. ಅಷ್ಟರಲ್ಲಿ ಪ್ಲೇಟಿನ ಕೆಳಭಾಗಕ್ಕೆ ನಾಲ್ಕು ಹನಿ ಮುಟ್ಟಿರುತ್ತದೆ. ಬೆಳಿಗ್ಗೆ ಏಳೆಂಟು ಸಲ ಹಾಫ್ ಕ್ಲಚ್ ಮಾಡುವ ಹೊತ್ತಿಗೆ ಅದು ಕಾದು ಸುಟ್ಟು ಹರಡಿ ಹೋಗುತ್ತದೆ. ಗ್ಯಾರೇಜಿಗೆ ಬರುವ ಹೊತ್ತಿಗೆ ಕ್ಲಚ್ ಬೆಣ್ಣೆ. ಆಗಸ್ಟ್‌ನಲ್ಲಿ ಗೇರ್‌ಬಾಕ್ಸ್ ಇಳಿಸಿದವರಿಗೆ ಸೀಲು ಒಣಗಿದ ಹಾಗೇ ಕಂಡಿರಬೇಕು.

ಬಿಚ್ಚಿದಾಗ

ಕ್ಲಚ್ ಪ್ಲೇಟಿನ ಇಂಜಿನ್ ಕಡೆಯ ಮುಖ ಮಾಮೂಲಿ ಬೂದು ಬಣ್ಣ. ಗೇರ್‌ಬಾಕ್ಸ್ ಕಡೆಯ ಮುಖದಲ್ಲಿ ನಡುವಿನ ಹಬ್ಬಿನಿಂದ ಅಂಚಿನ ಕಡೆಗೆ ಸೂರ್ಯನ ಕಿರಣದ ಹಾಗೆ ಕಂದು ಗೆರೆಗಳು, ಮೇಲೆ ಗಾಜಿನ ಹೊಳಪು. ರಿಲೀಸ್ ಬೇರಿಂಗ್ ಓಡಾಡುವ ಕೊಳವೆಯ ತುದಿ ಒದ್ದೆ. ಸೀಲಿನ ತುಟಿಯನ್ನು ಉಗುರಿನಿಂದ ಒತ್ತಿದರೆ ರಬ್ಬರಿನ ಮೆದು ಇಲ್ಲ, ಒಣಗಿದ ಹುಣಸೆ ಸಿಪ್ಪೆಯ ಹಾಗೆ ಪುಡಿಯಾಗುತ್ತಿತ್ತು.

ಶಾಫ್ಟ್ ಮೇಲೆ ಸೀಲು ಕೂರುವ ಜಾಗದಲ್ಲಿ ಉಗುರು ಎಳೆದೆ. ಒಂದು ಕಡೆ ಟಕ್ ಅಂತ ಸಿಕ್ಕಿಕೊಂಡಿತು. ಇಪ್ಪತ್ತು ವರ್ಷ ಒಂದೇ ಜಾಗದಲ್ಲಿ ಉಜ್ಜಿ ಕೂದಲಿನಷ್ಟು ಗೀರು ಬಿದ್ದಿತ್ತು. ಹೊಸ ಸೀಲನ್ನು ಅದೇ ಜಾಗಕ್ಕೆ ಕೂರಿಸಿದರೆ ಮತ್ತೆ ಸೋರುತ್ತದೆ. ಹಾಗಾಗಿ ಸೀಲನ್ನು 2 ಮಿಲಿಮೀಟರ್ ಹೊರಗೆ ಕೂರಿಸಿದೆ, ತುಟಿ ನುಣುಪಾದ ಜಾಗದ ಮೇಲೆ ಓಡುವ ಹಾಗೆ. ಅದಕ್ಕೂ ಮೊದಲು ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಆಡಿಸಿ ಬೇರಿಂಗ್ ಗಟ್ಟಿಯಿದೆ ಅಂತ ನೋಡಿಕೊಂಡೆ. ಬೇರಿಂಗ್ ಸಡಿಲವಿದ್ದರೆ ಎಂಥ ಸೀಲು ಹಾಕಿದರೂ ಬಾಳುವುದಿಲ್ಲ.

ಪ್ಲೇಟಿನ ವಿಷಯಕ್ಕೆ ಗೌಡರಿಗೂ ನನಗೂ ಮಾತು ಬೆಳೆಯಿತು. "ಆರು ತಿಂಗಳೂ ಆಗಿಲ್ಲ ಹಾಕ್ಸಿ. ಪೆಟ್ರೋಲಲ್ಲಿ ತೊಳೆದು ಹಾಕಿದ್ರೆ ಆಗಲ್ವಾ?" ಅವರ ಬೇಸರ ನ್ಯಾಯವೇ. ಆದರೆ ಪ್ಲೇಟಿನ ಲೈನಿಂಗ್ ಸ್ಪಂಜಿನ ಹಾಗೆ ಎಣ್ಣೆ ಕುಡಿದಿರುತ್ತದೆ. ಮೇಲೆ ತೊಳೆದರೆ ಮೇಲಿನದು ಹೋಗುತ್ತದೆ, ಕಾದಾಗ ಒಳಗಿನದು ಮೇಲೆ ಬರುತ್ತದೆ. ತೊಳೆದು ಹಾಕಿ ಅದು ಮತ್ತೆ ನಡುಗಿದರೆ, ಸೀಲು ಸೋರುತ್ತಿದೆಯೋ ಹಳೆಯ ಎಣ್ಣೆ ಬೆವರುತ್ತಿದೆಯೋ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇಷ್ಟು ದಿನ ಬರೆದು ಅಳೆದು ಹುಡುಕಿದ್ದೆಲ್ಲ ನೀರಿಗೆ ಹೋಗುತ್ತದೆ. ಕೂರಿಸಿ, ಪ್ಲೇಟು ಕೈಗೆ ಕೊಟ್ಟು ತೋರಿಸಿದೆ. ಒಪ್ಪಿದರು. ಪ್ರೆಶರ್ ಪ್ಲೇಟನ್ನು ಉಳಿಸಿಕೊಂಡೆವು. ಅದು ಕಬ್ಬಿಣ, ಎಣ್ಣೆ ಕುಡಿಯುವುದಿಲ್ಲ, ಬೆರಳುಗಳೂ ಒಂದೇ ಎತ್ತರದಲ್ಲಿದ್ದವು. ಚೆನ್ನಾಗಿ ತೊಳೆದು ಒರೆಸಿದರೆ ಸಾಕು.

ಫ್ಲೈವೀಲ್ ಮೇಲೆ ಮೂರು ಕಡೆ ನೀಲಿ ಕಲೆ ಇತ್ತು. ಆಗಸ್ಟ್‌ನಲ್ಲಿ ಅದನ್ನು ಮುಟ್ಟಿರಲಿಲ್ಲ. ಲೇತ್‌ಗೆ ಕಳಿಸಿ ಕಲೆ ಹೋಗುವಷ್ಟೇ ತೆಳುವಾಗಿ ಹೊಡೆಸಿದೆವು. ವಾಪಸ್ ಕೂರಿಸಿ ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಓಲಾಟ 0.06 ಮಿಲಿಮೀಟರ್. ಪ್ಲೇಟು ಕೂರುವ ಶಾಫ್ಟಿನ ಹಲ್ಲುಗಳಿಗೆ (ಸ್ಪ್ಲೈನಿಗೆ) ಗ್ರೀಸು ತೆಳುವಾಗಿ ಸವರಿ ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿದೆ. ಇಲ್ಲಿ ಧಾರಾಳತನ ತೋರಿಸಿದರೆ ಆ ಗ್ರೀಸೇ ಹಾರಿ ಪ್ಲೇಟಿಗೆ ಬಡಿಯುತ್ತದೆ.

ಬ್ರೀದರ್ ತೊಳೆದು, ಅದಕ್ಕೊಂದು ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ಟಿನ ಒಳಗೆ ಮೇಲಕ್ಕೆ ಒಯ್ದು, ತುದಿಯನ್ನು ಕೆಳಮುಖ ಬಾಗಿಸಿ ಕಟ್ಟಿದೆ. ತೋಟದ ಕೆಸರಿನಲ್ಲಿ ಓಡುವ ಗಾಡಿಗೆ ಇದು ಖರ್ಚಿಲ್ಲದ ಕೆಲಸ, ಪ್ರತಿಯೊಬ್ಬರೂ ಮಾಡಿಸಬೇಕು ಅಂತ ನನಗನಿಸುತ್ತದೆ. ಗೇರ್ ಆಯಿಲ್ ಸಮನೆಲದಲ್ಲಿ ನಿಲ್ಲಿಸಿ ಪ್ಲಗ್ಗಿನ ಅಂಚಿನವರೆಗೆ ತುಂಬಿದೆ. ಸೀಲಿನ ಬೆಲೆ ಒಂದು ಊಟದಷ್ಟೂ ಇರಲಿಲ್ಲ. ಬಿಲ್ಲು ಬೆಳೆದದ್ದು ಪ್ಲೇಟಿಗೆ, ಲೇತಿಗೆ, ಗೇರ್‌ಬಾಕ್ಸ್ ಇಳಿಸಿ ಏರಿಸಿದ ಕೂಲಿಗೆ.

ಆಮೇಲೆ

ಗಾಡಿ ಒಪ್ಪಿಸುವಾಗ ಗೌಡರು ಕೇಳಿದರು: "ಇನ್ಮೇಲೆ ಮೂತಿ ಮೇಲೆ ಮಾಡೇ ನಿಲ್ಲಿಸ್ಲಾ?" ಬೇಡ ಅಂದೆ. ಮೊದಲಿನ ಹಾಗೇ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಬಿಸಿಯಾಗಿ ಬಂದ ದಿನವೂ ಹಾಗೇ ನಿಲ್ಲಿಸಿ. ತೊಂದರೆ ಬರುವ ಜಾಗದಲ್ಲೇ ಬಾರದೆ ಇದ್ದರೆ ಮಾತ್ರ ರಿಪೇರಿ ಆಯಿತು ಅಂತ ಲೆಕ್ಕ. ರೈಟರ್‌ಗೆ ನೋಟ್‌ಬುಕ್ ಮುಂದುವರಿಸಲು ಹೇಳಿ ಕಳಿಸಿದೆ.

ರೊಬಸ್ಟಾ ಕೊಯ್ಲು ಮುಗಿಯುವವರೆಗೂ ಜೀಪು ಶೆಡ್ಡಿನಲ್ಲೇ ಮಲಗಿತು. ಮಾರ್ಚ್‌ನಲ್ಲಿ ಕಣ ಖಾಲಿಯಾಯಿತು, ಜೂನ್‌ನಲ್ಲಿ ಮಳೆ ಹಿಡಿದು ಮತ್ತೆ ಶೆಡ್ಡು ಸೇರಿತು. ಜುಲೈ ಕೊನೆಗೆ ಆ ಕಡೆ ಇನ್ನೊಂದು ಗಾಡಿ ನೋಡಲು ಹೋದಾಗ ಅಲ್ಲಿಗೂ ಹೋಗಿದ್ದೆ. ಹಿಂದಿನ ಸಂಜೆ ಮೂಟೆ ಹೊತ್ತು ಬಂದು ನಿಂತಿದ್ದ ಗಾಡಿ, ಮೂತಿ ಕೆಳಗೆ. ರೈಟರ್ ನೋಟ್‌ಬುಕ್ ತಂದು ತೋರಿಸಿದರು. ಕೊನೆಯ ಕಾಲಂ ಪುಟ ಪೂರ್ತಿ ಒಂದೇ ಮಾತು, "ಇಲ್ಲ". ಡ್ರೈವರ್ ರಿವರ್ಸ್ ಹಾಕಿ ಒದ್ದೆ ಏರಿನಲ್ಲಿ ಒಂದೇ ಉಸಿರಿಗೆ ಹತ್ತಿಸಿದ. ನಾನು ಕೆಳಗೆ ನುಸುಳಿ, ಬೆಲ್ ಹೌಸಿಂಗಿನ ತೂತಿಗೆ ಅಂಟಿಸಿದ್ದ ಹಾಳೆ ತೆಗೆದು ನೋಡಿದೆ. ಕೆಮ್ಮಣ್ಣಿನ ಧೂಳು ಹತ್ತಿತ್ತು. ಎಣ್ಣೆ ಇರಲಿಲ್ಲ.